ಪಾಸ್‌ವರ್ಡ್ ಕೇಳದೆಯೇ ನಿಂತುಬಿಡುವ ಲಿನಕ್ಸ್: ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ ಕಡತಗಳು ಉಳಿದಿವೆಯೇ?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ಜೊತೆಗೆ ಕೆಲವು ಕಾಲೇಜುಗಳ ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನೂ ಮುದ್ರಿಸುತ್ತೇವೆ. ಅದಕ್ಕಾಗಿಯೇ ಪುಟವಿನ್ಯಾಸದ ಕಂಪ್ಯೂಟರಿಗೆ ಉಬುಂಟು 22.04 ಹಾಕಿಸುವಾಗ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಸಿದ್ದೆವು. ಹಳೆಯ ಹಾರ್ಡ್‌ಡಿಸ್ಕ್ ನಿಧಾನವಾಯಿತೆಂದು ರಿಪೇರಿ ಅಂಗಡಿಯವರು ಅದನ್ನು ಹೊಸ ಎನ್‌ವಿಎಂಇ ಎಸ್‌ಎಸ್‌ಡಿಗೆ ಯಥಾವತ್ತಾಗಿ ನಕಲು ಮಾಡಿದರು. ಬಳಿಕ ಪೆನ್‌ಡ್ರೈವಿನಿಂದ ಉಬುಂಟು ಚಾಲೂ ಮಾಡಿ ‘ಬೂಟ್ ಸರಿಪಡಿಸಿದ್ದೇವೆ’ ಎಂದು ಕೊಟ್ಟರು. ಅಂದಿನಿಂದ ಪಾಸ್‌ವರ್ಡ್ ಕೇಳುವ ಪರದೆ ಬರುವುದೇ ಇಲ್ಲ. ಸುಮಾರು ಅರ್ಧ ನಿಮಿಷ ಕಾದ ಮೇಲೆ ‘ವಿಜಿಉಬುಂಟು ಎಂಬ ವಾಲ್ಯೂಮ್ ಗ್ರೂಪ್ ಸಿಗಲಿಲ್ಲ’ ಎಂದೂ, ‘ವಿಜಿಉಬುಂಟು-ರೂಟ್ ಇಲ್ಲ, ಶೆಲ್‌ಗೆ ಇಳಿಯುತ್ತಿದ್ದೇವೆ’ ಎಂದೂ ಸಾಲುಗಳು ಬಂದು, ಕೊನೆಗೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದದ ಮುಂದೆ ಕರ್ಸರ್ ನಿಲ್ಲುತ್ತದೆ. ಎನ್‌ಕ್ರಿಪ್ಶನ್ ಹಳೆಯ ಡಿಸ್ಕಿಗೇ ಅಂಟಿಕೊಂಡಿರುತ್ತದೆ, ಇನ್ನು ಫಾರ್ಮ್ಯಾಟ್ ಮಾಡದೆ ದಾರಿಯಿಲ್ಲ ಎನ್ನುತ್ತಾರೆ ಅಂಗಡಿಯವರು. ಮಗ ಎಸ್‌ಎಸ್‌ಡಿಯನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಿತು, ಬೇಡವೆಂದು ಒತ್ತಿದ್ದಾನೆ. ಹಳೆಯ ಹಾರ್ಡ್‌ಡಿಸ್ಕ್ ಇನ್ನೂ ನಮ್ಮ ಬಳಿಯೇ ಇದೆ. ನಮ್ಮ ಕಡತಗಳು ಉಳಿದಿವೆಯೇ? ಉಳಿದಿದ್ದರೆ ಹೊರತೆಗೆಯುವುದು ಹೇಗೆ? ಇನ್ನು ಮುಂದೆ ಎನ್‌ಕ್ರಿಪ್ಶನ್ ಕೈಬಿಡುವುದೇ ಒಳ್ಳೆಯದೆ?

ಉತ್ತರ: ನಿಮ್ಮ ಪತ್ರದ ಎಲ್ಲ ವಿವರಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಒಂದು ಮಾತು: ಯಂತ್ರ ಪಾಸ್‌ವರ್ಡ್ ಕೇಳುವುದೇ ಇಲ್ಲ. ಪಾಸ್‌ವರ್ಡ್ ಕೇಳಿ ತಿರಸ್ಕರಿಸಿದ್ದರೆ ನಾವು ಬೇರೆಯೇ ಚಿಂತೆ ಮಾಡಬೇಕಾಗುತ್ತಿತ್ತು. ಕೇಳುವ ಹಂತವನ್ನೇ ತಲುಪುತ್ತಿಲ್ಲವೆಂದರೆ ಯಂತ್ರ ಇನ್ನೂ ಬೀಗವನ್ನೇ ಮುಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಸರ್ವರುಗಳ ನಿರ್ವಹಣೆ ನೋಡಿಕೊಳ್ಳುವ ನನ್ನ ಮುಂದೆ ಇದೇ ಲಕ್ಷಣದ ಯಂತ್ರಗಳು ಬಂದಾಗ, ಒಳಗಿನ ಕಡತಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಕೆಟ್ಟಿರುವುದು ಹೊರಗೆ ನಿಂತು ಬೀಗ ತೆಗೆಯಬೇಕಾದ ಪುಟ್ಟ ವ್ಯವಸ್ಥೆ. ಆದ್ದರಿಂದ ಮೊದಲ ಮಾತು ಇದು: ಯಾರು ಎಷ್ಟೇ ಒತ್ತಾಯಿಸಿದರೂ ಎಸ್‌ಎಸ್‌ಡಿಯ ಮೇಲೆ ಸದ್ಯಕ್ಕೆ ಏನನ್ನೂ ಬರೆಯಗೊಡಬೇಡಿ. ಮರುಸ್ಥಾಪನೆ ಬೇಡ, ಫಾರ್ಮ್ಯಾಟ್ ಬೇಡ, ‘ಡಿಸ್ಕ್ ರಿಪೇರಿ’ ತಂತ್ರಾಂಶಗಳೂ ಬೇಡ.

ನಿಮ್ಮ ಡಿಸ್ಕಿನ ರಚನೆ ಹೀಗಿದೆ. ಮೊದಲ ಸಣ್ಣ ಪಾರ್ಟಿಶನ್ ಯಂತ್ರವನ್ನು ಚಾಲೂ ಮಾಡುವ ಯುಇಎಫ್‌ಐಗೆ ಸೇರಿದ್ದು, ಎರಡನೆಯದು ‘ಬೂಟ್’. ಇವೆರಡೂ ಎನ್‌ಕ್ರಿಪ್ಟ್ ಆಗಿಲ್ಲ. ಮೂರನೆಯ ದೊಡ್ಡ ಪಾರ್ಟಿಶನ್ ಪೂರ್ತಿಯಾಗಿ ಲಕ್ಸ್ ಎಂಬ ಎನ್‌ಕ್ರಿಪ್ಶನ್ ಪದ್ಧತಿಯ ಹಿಡಿತದಲ್ಲಿದೆ. ಅದನ್ನು ಪಾಸ್‌ವರ್ಡ್ ಕೊಟ್ಟು ತೆರೆದಾಗ ಲಿನಕ್ಸ್‌ನ ತಿರುಳಾದ ಕರ್ನಲ್ಲಿನ ಡಿವೈಸ್ ಮ್ಯಾಪರ್ ಒಂದು ಹೊಸ ಕಾಲ್ಪನಿಕ ಡಿಸ್ಕನ್ನು ಸೃಷ್ಟಿಸುತ್ತದೆ. ಆ ಡಿಸ್ಕೇ, ಜಾಗವನ್ನು ಭಾಗಗಳಾಗಿ ಹಂಚಿಕೊಡುವ ಎಲ್‌ವಿಎಂ ಎಂಬ ವ್ಯವಸ್ಥೆಯ ಫಿಸಿಕಲ್ ವಾಲ್ಯೂಮ್. ಅದರ ಮೇಲೆ ವಿಜಿಉಬುಂಟು ಎಂಬ ಗ್ರೂಪ್, ಗ್ರೂಪಿನೊಳಗೆ ‘ರೂಟ್’ ಮತ್ತು ‘ಸ್ವಾಪ್_1’ ಎಂಬ ಎರಡು ಲಾಜಿಕಲ್ ವಾಲ್ಯೂಮುಗಳು. ನಿಮ್ಮ ಉಬುಂಟು, ಅಕ್ಷರವಿನ್ಯಾಸಗಳು, ಪ್ರಶ್ನೆಪತ್ರಿಕೆಗಳು ಎಲ್ಲವೂ ಆ ‘ರೂಟ್’ನಲ್ಲಿವೆ. ಲಕ್ಸ್ ತೆರೆಯುವ ತನಕ ಎಲ್‌ವಿಎಂನ ಕಣ್ಣಿಗೆ ಈ ಗ್ರೂಪ್ ಬೀಳುವುದು ಸಾಧ್ಯವೇ ಇಲ್ಲ, ಏಕೆಂದರೆ ಗ್ರೂಪಿನ ವಿವರಗಳೂ ಎನ್‌ಕ್ರಿಪ್ಟ್ ಆಗಿಯೇ ಕುಳಿತಿರುತ್ತವೆ.

ಹಾಗಾಗಿ ‘ವಾಲ್ಯೂಮ್ ಗ್ರೂಪ್ ಸಿಗಲಿಲ್ಲ’ ಎಂಬ ಸಾಲನ್ನು ನೋಡಿ ಗ್ರೂಪೇ ನಾಶವಾಗಿದೆಯೆಂದು ಎದೆಗುಂದಬೇಕಿಲ್ಲ. ಆರೋಗ್ಯವಾಗಿರುವ ಯಂತ್ರಗಳಲ್ಲೂ ಪಾಸ್‌ವರ್ಡ್ ಕೇಳುವ ಮೊದಲು ಇದೇ ಸಾಲು ಒಂದೆರಡು ಸಲ ಮಿಂಚಿ ಮಾಯವಾಗುವುದುಂಟು. ಅಂತರ್ಜಾಲದಲ್ಲಿ ಈ ಸಾಲನ್ನಷ್ಟೇ ಹುಡುಕಿ, ಸಿಕ್ಕ ಎಲ್‌ವಿಎಂ ದುರಸ್ತಿ ಕಮಾಂಡುಗಳನ್ನೆಲ್ಲ ಒಂದೊಂದಾಗಿ ಓಡಿಸುವುದೇ ದೊಡ್ಡ ಅಪಾಯ. ಅವುಗಳಲ್ಲಿ ‘ಪಿವಿಕ್ರಿಯೇಟ್’ನಂಥದ್ದು ಒಂದು ತಪ್ಪು ಪಾರ್ಟಿಶನ್ ಮೇಲೆ ಓಡಿದರೆ ಸಾಕು, ಇದುವರೆಗೆ ಆಗಿರದ ಹಾನಿ ಆಗ ನಿಜವಾಗಿಯೂ ಆಗುತ್ತದೆ.

ಹಾಗಾದರೆ ಬೀಗ ತೆಗೆಯುವ ಆ ಪುಟ್ಟ ವ್ಯವಸ್ಥೆ ಯಾವುದು? ಅದೇ ಇನಿಟ್‌ರಾಮ್‌ಎಫ್‌ಎಸ್, ಬೂಟ್ ಆರಂಭದಲ್ಲಿ ಮೆಮೊರಿಗೆ ತುಂಬಿಕೊಳ್ಳುವ ಪುಟ್ಟ ಲಿನಕ್ಸ್. ತಿಜೋರಿಯ ಬೀಗದ ಕೈಯನ್ನು ತಿಜೋರಿಯೊಳಗೇ ಇಟ್ಟರೆ ಹೇಗೆ ಉಪಯೋಗವಿಲ್ಲವೋ, ಹಾಗೆಯೇ ಲಕ್ಸ್ ತೆರೆಯುವ ತಂತ್ರಾಂಶವನ್ನು ಎನ್‌ಕ್ರಿಪ್ಟ್ ಆದ ಭಾಗದಲ್ಲಿ ಮಾತ್ರ ಇಟ್ಟರೆ ಉಪಯೋಗವಿಲ್ಲ. ಅದರ ಒಂದು ಪ್ರತಿ ‘ಬೂಟ್’ ಪಾರ್ಟಿಶನ್ನಿನಲ್ಲಿ ಒತ್ತಿಟ್ಟ ಕಡತದ ರೂಪದಲ್ಲಿ ಇರಬೇಕು. ಉಬುಂಟು ಈ ಕಡತವನ್ನು ತಯಾರಿಸುವಾಗ ‘ಕ್ರಿಪ್ಟ್‌ಟ್ಯಾಬ್’ ಎಂಬ ಪಟ್ಟಿಯನ್ನು ನೋಡುತ್ತದೆ. ಯಾವ ಯುಯುಐಡಿಯ (ಪಾರ್ಟಿಶನ್ನಿನ ಗುರುತಿನ ಸಂಖ್ಯೆಯ) ಪಾರ್ಟಿಶನ್ನನ್ನು ಯಾವ ಹೆಸರಿನಲ್ಲಿ ತೆರೆಯಬೇಕು ಎಂಬುದು ಅಲ್ಲಿ ಬರೆದಿರುತ್ತದೆ. ಸದ್ಯ ‘ರೂಟ್’ ಯಾವ ಹೆಸರಿನಲ್ಲಿ ತೆರೆದುಕೊಂಡಿದೆಯೋ ಆ ಹೆಸರು ಪಟ್ಟಿಯಲ್ಲಿ ಸಿಕ್ಕರೆ ಮಾತ್ರ ಪಾಸ್‌ವರ್ಡ್ ಕೇಳುವ ವ್ಯವಸ್ಥೆ ಆ ಕಡತಕ್ಕೆ ಸರಿಯಾಗಿ ಸೇರುತ್ತದೆ.

ನಿಮ್ಮ ಅಂಗಡಿಯವರು ಎಡವಿರುವುದು ಬಹುತೇಕ ಇಲ್ಲೇ ಎಂದು ನನ್ನ ಅಂದಾಜು. ಪೆನ್‌ಡ್ರೈವಿನಿಂದ ಉಬುಂಟು ತೆರೆದು, ಕಡತಗಳ ಕಿಟಕಿಯಲ್ಲಿ ಡಿಸ್ಕಿನ ಚಿತ್ರದ ಮೇಲೆ ಕ್ಲಿಕ್ ಮಾಡಿ ಪಾಸ್‌ವರ್ಡ್ ಕೊಟ್ಟರೆ, ಅದು ‘ಲಕ್ಸ್’ ಎಂದು ಆರಂಭವಾಗಿ ಉದ್ದನೆಯ ಯುಯುಐಡಿಯಿಂದ ಮುಗಿಯುವ ಹೆಸರಿನಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಕ್ರಿಪ್ಟ್‌ಟ್ಯಾಬಿನಲ್ಲಿರುವುದೋ ಮೊದಲ ಸಲ ಸ್ಥಾಪಿಸಿದಾಗಿನ ಹೆಸರು, ಸಾಮಾನ್ಯವಾಗಿ ‘ಎಸ್‌ಡಿಎ3_ಕ್ರಿಪ್ಟ್’. ಎರಡೂ ತಾಳೆಯಾಗದಿದ್ದಾಗ, ಈ ಹೆಸರು ಕ್ರಿಪ್ಟ್‌ಟ್ಯಾಬಿನಲ್ಲಿ ಸಿಗಲಿಲ್ಲ ಎಂಬ ಒಂದೇ ಒಂದು ಎಚ್ಚರಿಕೆಯ ಸಾಲು ಬಂದು ಹೋಗುತ್ತದೆ. ಉಳಿದ ಕೆಲಸವೆಲ್ಲ ಯಶಸ್ವಿಯಾದಂತೆ ಕಾಣುವುದರಿಂದ ಆ ಸಾಲನ್ನು ಓದುವವರು ಕಡಿಮೆ. ತಯಾರಾದ ಹೊಸ ಕಡತಕ್ಕೆ ಯಾವ ಪಾರ್ಟಿಶನ್ನಿನ ಬೀಗ ತೆಗೆಯಬೇಕೆಂಬುದೇ ಗೊತ್ತಿರುವುದಿಲ್ಲ. ಇಂಥ ಕೆಲಸದ ನಡುವೆ ಕರೆಂಟ್ ಹೋಗಿ ಅರ್ಧ ಬರೆದ ಕಡತ ಉಳಿದರೂ, ‘ಬೂಟ್’ ಪಾರ್ಟಿಶನ್ನಿನಲ್ಲಿ ಹಳೆಯ ಕರ್ನಲ್‌ಗಳು ತುಂಬಿ ಜಾಗ ಸಾಲದೆ ಹೋದರೂ ಯಂತ್ರ ಹೀಗೆಯೇ ಅರ್ಧ ದಾರಿಯಲ್ಲಿ ನಿಲ್ಲಬಹುದು.

ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೊಸ ಡಿಸ್ಕಿನ ಪಾರ್ಟಿಶನ್ನಿಗೆ ಈಗ ‘ಎನ್‌ವಿಎಂಇ0ಎನ್1ಪಿ3’ ಎಂಬ ಹೆಸರಿದೆ, ಆದ್ದರಿಂದ ‘ಎಸ್‌ಡಿಎ3_ಕ್ರಿಪ್ಟ್’ ಎಂಬುದು ತಪ್ಪು ಎಂದು ಕೆಲವರು ಕ್ರಿಪ್ಟ್‌ಟ್ಯಾಬನ್ನೇ ತಿದ್ದಲು ಹೋಗುತ್ತಾರೆ. ಅದು ಬರಿಯ ಹೆಸರು. ಡಿಸ್ಕನ್ನು ಗುರುತಿಸುವುದು ಅದರ ಪಕ್ಕದಲ್ಲಿರುವ ಯುಯುಐಡಿ. ಯಥಾವತ್ತಾಗಿ ನಕಲು ಮಾಡಿದಾಗ ಅದೂ ಬದಲಾಗುವುದಿಲ್ಲವಾದ್ದರಿಂದ ತಿದ್ದುವ ಅಗತ್ಯ ಬರುವುದಿಲ್ಲ.

ಇನ್ನು ಅಂಗಡಿಯವರ ಮಾತಿಗೆ ಬರೋಣ. ಎನ್‌ಕ್ರಿಪ್ಶನ್ ಹಳೆಯ ಡಿಸ್ಕಿಗೆ ಅಂಟಿಕೊಂಡಿರುತ್ತದೆ ಎಂಬುದು ನಿಜವಲ್ಲ. ವಿಂಡೋಸಿನ ಬಿಟ್‌ಲಾಕರ್ ಹಲವು ಕಡೆ ಮದರ್‌ಬೋರ್ಡಿನ ಟಿಪಿಎಂ ಚಿಪ್ಪನ್ನು ನೆಚ್ಚಿಕೊಂಡಿರುವುದರಿಂದ ಈ ಗೊಂದಲ ಹುಟ್ಟಿರಬಹುದು. ಪಾಸ್‌ವರ್ಡ್ ಇಟ್ಟು ಮಾಡಿದ ಲಕ್ಸ್‌ಗೆ ಡಿಸ್ಕಿನ ಕಂಪನಿ, ಮದರ್‌ಬೋರ್ಡ್, ಊರು ಯಾವುದೂ ಲೆಕ್ಕಕ್ಕಿಲ್ಲ. ಪಾರ್ಟಿಶನ್ನಿನ ಆರಂಭದಲ್ಲಿರುವ ಹೆಡರ್ ಮತ್ತು ನಿಮ್ಮ ಪಾಸ್‌ವರ್ಡ್, ಇವೆರಡು ಇದ್ದರೆ ಯಾವ ಲಿನಕ್ಸ್ ಯಂತ್ರದಲ್ಲೂ ಅದು ತೆರೆಯುತ್ತದೆ. ಹಲವು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಎಲ್ಲವೂ ಅಳಿಸಿಹೋಗುತ್ತದೆ ಎಂಬ ಭಯವೂ ಹಲವರಲ್ಲಿದೆ. ಲಕ್ಸ್‌ನಲ್ಲಿ ಅಂಥ ಎಣಿಕೆಯೇ ಇಲ್ಲ. ಬೂಟ್ ಸಮಯದಲ್ಲಿ ಮೂರು ಸಲ ಕೇಳಿ ನಿಲ್ಲಬಹುದು, ಮತ್ತೆ ಚಾಲೂ ಮಾಡಿದರೆ ಮತ್ತೆ ಕೇಳುತ್ತದೆ.

ಆದರೆ ಫಾರ್ಮ್ಯಾಟ್ ಮಾಡಿಯೂ ಆಮೇಲೆ ರಿಕವರಿ ತಂತ್ರಾಂಶದಿಂದ ತೆಗೆಯಬಹುದು ಎಂಬ ಧೈರ್ಯವಿದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ಲಕ್ಸ್‌ನ ಎರಡನೆಯ ಆವೃತ್ತಿಯಲ್ಲಿ ಹೆಡರ್ ಸಾಮಾನ್ಯವಾಗಿ 16 ಎಂಬಿ ಜಾಗ ಹಿಡಿದಿರುತ್ತದೆ. ಡಿಸ್ಕಿನ ನಿಜವಾದ ಕೀಲಿಯನ್ನು ಅಲ್ಲಿ 4000 ಪಟ್ಟಿಗಳಾಗಿ ಹರಡಿ ಇಟ್ಟಿರುತ್ತಾರೆ, ಒಂದು ಸಣ್ಣ ತುಂಡು ಅಳಿಸಿದರೂ ಇಡೀ ಕೀಲಿ ಹಾಳಾಗಲಿ ಎಂಬ ಉದ್ದೇಶದಿಂದಲೇ. ಕದ್ದವರ ಕೈಗೆ ಸಿಗಬಾರದೆಂದು ಮಾಡಿದ ಈ ಏರ್ಪಾಡು ಮಾಲೀಕರ ಅವಸರವನ್ನೂ ಕ್ಷಮಿಸುವುದಿಲ್ಲ. ಈ ಆವೃತ್ತಿಯಲ್ಲಿ ಹೆಡರಿನ ವಿವರಗಳಿಗೆ ಪಕ್ಕದಲ್ಲೇ ಇನ್ನೊಂದು ಪ್ರತಿ ಇರುತ್ತದೆ, ಆದರೆ ಕೀಲಿಯ ಪಟ್ಟಿಗಳಿಗೆ ಇಲ್ಲ. ಜೊತೆಗೆ ಎಸ್‌ಎಸ್‌ಡಿಯನ್ನು ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡಿದರೆ ಟ್ರಿಮ್ ಎಂಬ ಸೂಚನೆ ಹೋಗಿ, ಈ ಜಾಗವೆಲ್ಲ ಖಾಲಿ ಎಂದು ಡಿಸ್ಕಿಗೇ ತಿಳಿಸಲಾಗುತ್ತದೆ. ಅಲ್ಲಿಂದ ಹಿಂದಿರುಗುವ ದಾರಿ ಇಲ್ಲವೆಂದೇ ತಿಳಿಯಿರಿ. ವಿಂಡೋಸಿಗೆ ಲಕ್ಸ್ ಅರ್ಥವಾಗದ್ದರಿಂದ ಅದು ಫಾರ್ಮ್ಯಾಟ್ ಕೇಳಿದ್ದು ಸಹಜ. ನಿಮ್ಮ ಮಗ ಬೇಡವೆಂದು ಒತ್ತಿದ್ದರಿಂದ ಏನೂ ಹಾನಿಯಾಗಿಲ್ಲ. ಇನ್ನೊಮ್ಮೆ ಆ ಪ್ರಯೋಗ ಮಾತ್ರ ಬೇಡ.

ಹಳೆಯ ಹಾರ್ಡ್‌ಡಿಸ್ಕ್ ನಿಮ್ಮ ಬಳಿಯಿರುವುದು ದೊಡ್ಡ ಸಮಾಧಾನ. ನಕಲು ಮಾಡಿದ ದಿನದವರೆಗಿನ ಎಲ್ಲ ಕೆಲಸ ಅದರಲ್ಲಿದೆ. ಅದನ್ನು ಒಂದು ಚೀಲದಲ್ಲಿ ಹಾಕಿ, ‘ಮುಟ್ಟಬಾರದು’ ಎಂದು ಬರೆದು ಬೀರುವಿನಲ್ಲಿಡಿ. ಎರಡೂ ಡಿಸ್ಕುಗಳನ್ನು ಒಂದೇ ಯಂತ್ರಕ್ಕೆ ಒಟ್ಟಿಗೆ ಜೋಡಿಸಬೇಡಿ. ಎರಡರಲ್ಲೂ ಒಂದೇ ಯುಯುಐಡಿ ಇರುವುದರಿಂದ ಯಾವುದನ್ನು ತೆರೆಯುತ್ತಿದ್ದೀರೆಂಬುದು ನಿಮಗೂ ಯಂತ್ರಕ್ಕೂ ಖಚಿತವಾಗುವುದಿಲ್ಲ. ಎರಡನ್ನೂ ತೆರೆದರಂತೂ ಒಂದೇ ಫಿಸಿಕಲ್ ವಾಲ್ಯೂಮ್ ಎರಡು ಕಡೆ ಕಾಣುತ್ತಿದೆಯೆಂದು ಎಲ್‌ವಿಎಂ ಗ್ರೂಪನ್ನು ಸಕ್ರಿಯಗೊಳಿಸಲು ನಿರಾಕರಿಸುತ್ತದೆ.

ಈಗ ಮಾಡಬೇಕಾದ ಕೆಲಸ. ಅತಿ ಕಡಿಮೆ ಅಪಾಯದ ದಾರಿಯಿಂದ ಶುರು ಮಾಡಿ. ಯಂತ್ರ ಚಾಲೂ ಆಗುವಾಗ ಎಸ್ಕೇಪ್ ಕೀಲಿಯನ್ನು ಒತ್ತಿದರೆ, ಉಬುಂಟುವನ್ನು ಚಾಲೂ ಮಾಡುವ ಗ್ರಬ್ ಎಂಬ ತಂತ್ರಾಂಶದ ಪಟ್ಟಿ ಬರುತ್ತದೆ. ಅದರಲ್ಲಿ ‘ಅಡ್ವಾನ್ಸ್ಡ್’ ಎಂದಿರುವಲ್ಲಿಗೆ ಹೋಗಿ, ಮೊದಲನೆಯದಕ್ಕಿಂತ ಕಡಿಮೆ ಆವೃತ್ತಿ ಸಂಖ್ಯೆಯಿರುವ ಹಳೆಯ ಕರ್ನಲ್ ಆಯ್ದುಕೊಳ್ಳಿ. ಅಂಗಡಿಯವರು ಇತ್ತೀಚಿನ ಕರ್ನಲ್ಲಿನ ಇನಿಟ್‌ರಾಮ್‌ಎಫ್‌ಎಸ್ ಒಂದನ್ನೇ ಹೊಸದಾಗಿ ಬರೆದಿದ್ದರೆ ಹಳೆಯದು ಕೆಡದೆ ಉಳಿದಿರುತ್ತದೆ. ಪಾಸ್‌ವರ್ಡಿನ ಪರದೆ ಬಂದು ಉಬುಂಟು ತೆರೆದುಕೊಂಡರೆ ಮೊದಲು ನಿಮ್ಮ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಆಮೇಲೆ ಟರ್ಮಿನಲ್ ತೆರೆದು, ‘ಸುಡೊ’ ಸೇರಿಸಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಕಮಾಂಡನ್ನು ಹೈಫನ್ ಯು, ಹೈಫನ್ ಕೆ, ಆಲ್ ಎಂಬ ಆಯ್ಕೆಗಳೊಡನೆ ಓಡಿಸಿ. ಆಗ ಡಿಸ್ಕ್ ಸರಿಯಾದ ಹೆಸರಿನಲ್ಲೇ ತೆರೆದಿರುವುದರಿಂದ ಎಲ್ಲ ಕರ್ನಲ್‌ಗಳ ಕಡತಗಳೂ ಸರಿಯಾಗಿ ತಯಾರಾಗುತ್ತವೆ, ಮುಂದಿನ ಸರ್ಕಸ್ ಯಾವುದೂ ಬೇಕಾಗುವುದಿಲ್ಲ.

ಹಳೆಯ ಕರ್ನಲ್ ಕೂಡ ಅಲ್ಲೇ ನಿಂತರೆ, ಆ ಇನಿಟ್‌ರಾಮ್‌ಎಫ್‌ಎಸ್ ಕರ್ಸರಿನ ಮುಂದೆಯೇ ‘ಬಿಎಲ್‌ಕೆಐಡಿ’ ಎಂದು ಟೈಪ್ ಮಾಡಿ ನೋಡಿ. ಇದು ಓದುವುದಷ್ಟೇ, ಏನನ್ನೂ ಬರೆಯುವುದಿಲ್ಲ. ಪಟ್ಟಿಯಲ್ಲಿ ಒಂದು ಪಾರ್ಟಿಶನ್ನಿನ ಬಗೆ ‘ಕ್ರಿಪ್ಟೊ_ಲಕ್ಸ್’ ಎಂದು ಕಂಡರೆ ಪಾರ್ಟಿಶನ್ನಿನ ಆರಂಭದಲ್ಲಿ ಲಕ್ಸ್‌ನ ಗುರುತು ಉಳಿದಿದೆ ಎಂದರ್ಥ. ಆಗ ‘ಕ್ರಿಪ್ಟ್‌ಸೆಟಪ್ ಓಪನ್’ ಎಂದು ಬರೆದು, ಪಾರ್ಟಿಶನ್ನಿನ ಪೂರ್ಣ ವಿಳಾಸ, ನಂತರ ‘ಎಸ್‌ಡಿಎ3_ಕ್ರಿಪ್ಟ್’ ಎಂಬ ಹೆಸರು ಕೊಡಿ. ಪಾಸ್‌ವರ್ಡ್ ಕೇಳಿ ಒಪ್ಪಿಕೊಂಡರೆ, ‘ಎಲ್‌ವಿಎಂ ವಿಜಿಚೇಂಜ್ ಹೈಫನ್ ಎವೈ’ ಎಂಬುದರಿಂದ ಲಾಜಿಕಲ್ ವಾಲ್ಯೂಮುಗಳು ಎದ್ದು ಬರುತ್ತವೆ. ಕೊನೆಗೆ ‘ಎಕ್ಸಿಟ್’ ಎಂದರೆ ಬೂಟ್ ಮುಂದುವರಿಯುತ್ತದೆ. ‘ಕ್ರಿಪ್ಟ್‌ಸೆಟಪ್’ ಎಂಬ ಕಮಾಂಡೇ ಇಲ್ಲವೆಂದು ಉತ್ತರ ಬಂದರೆ ಆ ಇನಿಟ್‌ರಾಮ್‌ಎಫ್‌ಎಸ್‌ಗೆ ಬೀಗ ತೆಗೆಯುವ ತಂತ್ರಾಂಶ ಸೇರಿಲ್ಲವೆಂಬುದು ಖಚಿತವಾಯಿತು. ಆಗ ಪೆನ್‌ಡ್ರೈವ್ ದಾರಿಯೇ ಗತಿ.

ಪೆನ್‌ಡ್ರೈವಿನಿಂದ ಉಬುಂಟು 22.04 ಅನ್ನು ಸ್ಥಾಪಿಸದೆ, ಪರೀಕ್ಷಿಸುವ ಆಯ್ಕೆಯಲ್ಲಿ ತೆರೆಯಿರಿ. ಕಡತಗಳ ಕಿಟಕಿಯಿಂದ ಡಿಸ್ಕ್ ತೆರೆಯಬೇಡಿ, ಎಲ್ಲವನ್ನೂ ಟರ್ಮಿನಲ್ಲಿನಿಂದಲೇ ಮಾಡಿ. ಮೊದಲು ‘ಕ್ರಿಪ್ಟ್‌ಸೆಟಪ್ ಲಕ್ಸ್‌ಡಂಪ್’ ಓಡಿಸಿ. ಲಕ್ಸ್‌ಡಂಪ್ ಎಂಬಲ್ಲಿ ಡಿ ಅಕ್ಷರ ಮಾತ್ರ ದೊಡ್ಡದು. ಆವೃತ್ತಿ, ಯುಯುಐಡಿ, ಕೀಲಿಗಳ ಸ್ಥಾನ ಎಲ್ಲವೂ ಪರದೆಯ ಮೇಲೆ ಬರುತ್ತವೆ. ಇಲ್ಲಿ ‘ಇದು ಲಕ್ಸ್ ಡಿವೈಸ್ ಅಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ಪಾರ್ಟಿಶನ್ ಸರಿಯಾದದ್ದೇ ಎಂದು ಮತ್ತೊಮ್ಮೆ ನೋಡಿಕೊಂಡು, ಆಗಲೂ ಹಾಗೆಯೇ ಇದ್ದರೆ ಹಳೆಯ ಹಾರ್ಡ್‌ಡಿಸ್ಕಿನ ಕಡೆ ತಿರುಗಿ. ಎಲ್ಲ ಸರಿಯಿದ್ದರೆ ‘ಲಕ್ಸ್‌ಹೆಡರ್‌ಬ್ಯಾಕಪ್’ನಿಂದ ಹೆಡರಿನ ಪ್ರತಿಯೊಂದನ್ನು ಇನ್ನೊಂದು ಪೆನ್‌ಡ್ರೈವಿಗೆ ತೆಗೆದಿಡಿ. ಮುಂದಿನ ಪ್ರತಿ ಹೆಜ್ಜೆಗೂ ಇದು ನಿಮ್ಮ ರಕ್ಷಣೆ.

ಬಳಿಕ ಡಿಸ್ಕನ್ನು ‘ರೀಡ್‌ಓನ್ಲಿ’ ಆಯ್ಕೆಯೊಡನೆ ತೆರೆದು, ಗ್ರೂಪನ್ನು ಸಕ್ರಿಯಗೊಳಿಸಿ, ‘ರೂಟ್’ ಅನ್ನು ಮೌಂಟ್ ಮಾಡಿ, ಅಂದರೆ ಒಳಗಿನ ಕಡತಗಳು ಕಾಣುವಂತೆ ಜೋಡಿಸಿ. ಓದಲು ಮಾತ್ರ ಮೌಂಟ್ ಮಾಡಿದರೂ ‘ರೂಟ್’ನಲ್ಲಿ ಕಡತಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಪದ್ಧತಿ, ಬರಹಗಳ ದಾಖಲೆಯಾದ ತನ್ನ ಜರ್ನಲ್ಲನ್ನು ಸರಿಪಡಿಸಲು ಡಿಸ್ಕಿಗೆ ಬರೆಯಲೆತ್ನಿಸುತ್ತದೆ. ಅದನ್ನು ತಡೆಯಲು ‘ಆರ್‌ಒ’ ಜೊತೆಗೆ ‘ನೋಲೋಡ್’ ಕೂಡ ಕೊಡಬೇಕು. ಈ ಸ್ಥಿತಿಯಲ್ಲಿ ನಿಮ್ಮ ಹೋಮ್ ಫೋಲ್ಡರ್ ಪೂರ್ತಿ ಹೊರಗಿನ ಡಿಸ್ಕಿಗೆ ಹೋಗಲಿ, ಒಂದೆರಡು ಪ್ರಶ್ನೆಪತ್ರಿಕೆಗಳನ್ನು ಅಲ್ಲಿಂದಲೇ ತೆರೆದು ನೋಡಿ. ಕ್ರಿಪ್ಟ್‌ಟ್ಯಾಬಿನಲ್ಲಿರುವ ಹೆಸರನ್ನೂ ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ಅದು ಎನ್‌ಕ್ರಿಪ್ಟ್ ಆದ ಭಾಗದಲ್ಲೇ ಇರುವುದರಿಂದ ಒಮ್ಮೆ ತೆರೆಯದೆ ತಿಳಿಯುವಂತಿಲ್ಲ.

ಕಡತಗಳು ಹೊರಗೆ ಬಂದ ಮೇಲೆ ಮಾತ್ರ ದುರಸ್ತಿ. ಎಲ್ಲವನ್ನೂ ಅನ್‌ಮೌಂಟ್ ಮಾಡಿ, ‘ವಿಜಿಚೇಂಜ್ ಹೈಫನ್ ಎಎನ್’ನಿಂದ ಗ್ರೂಪನ್ನು ಮಲಗಿಸಿ, ಲಕ್ಸ್ ಮುಚ್ಚಿ, ಈ ಸಲ ಕಾಗದದ ಮೇಲಿನ ಹೆಸರಿನಲ್ಲೇ ಮತ್ತೆ ತೆರೆಯಿರಿ. ಗ್ರೂಪನ್ನು ಸಕ್ರಿಯಗೊಳಿಸಿ, ‘ರೂಟ್’ ಅನ್ನು ಮೌಂಟ್ ಮಾಡಿ, ‘ಡೆವ್’, ‘ಪ್ರಾಕ್’, ‘ಸಿಸ್’, ‘ರನ್’ಗಳನ್ನು ಅದಕ್ಕೆ ಬೈಂಡ್ ಮಾಡಿ, ‘ಸಿಎಚ್‌ರೂಟ್’ ಮೂಲಕ ಒಳಗೆ ಹೋಗಿ, ‘ಮೌಂಟ್ ಹೈಫನ್ ಎ’ ಕೊಟ್ಟರೆ ಬೂಟ್ ಪಾರ್ಟಿಶನ್‌ಗಳೂ ಜೋಡಿಕೊಳ್ಳುತ್ತವೆ. ಈ ಕೊನೆಯ ಮೆಟ್ಟಿಲನ್ನು ಮರೆತರೆ ಹೊಸ ಕಡತ ಎನ್‌ಕ್ರಿಪ್ಟ್ ಆದ ಭಾಗದಲ್ಲಿರುವ ಖಾಲಿ ‘ಬೂಟ್’ ಫೋಲ್ಡರಿಗೆ ಬರೆಯಲ್ಪಟ್ಟು, ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ‘ಡಿಎಫ್’ನಿಂದ ಬೂಟ್‌ನಲ್ಲಿ ಜಾಗ ಎಷ್ಟಿದೆ ಎಂದು ನೋಡಿ. ‘ಕ್ರಿಪ್ಟ್‌ಸೆಟಪ್-ಇನಿಟ್‌ರಾಮ್‌ಎಫ್‌ಎಸ್’ ಎಂಬ ಪ್ಯಾಕೇಜ್ ಇದೆಯೆಂದೂ, ಕ್ರಿಪ್ಟ್‌ಟ್ಯಾಬಿನ ಯುಯುಐಡಿ ಲಕ್ಸ್ ಪಾರ್ಟಿಶನ್ನಿನದ್ದೇ ಎಂದೂ ತಾಳೆ ನೋಡಿ, ಆಗ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಓಡಿಸಿ. ಬರುವ ಪ್ರತಿ ಸಾಲನ್ನೂ ಓದಿ. ‘ಎಚ್ಚರಿಕೆ’ ಎಂದು ಒಂದು ಸಾಲು ಬಂದರೂ ಅದನ್ನು ಬಗೆಹರಿಸದೆ ರೀಬೂಟ್ ಮಾಡಬೇಡಿ. ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’ನಿಂದ ಹೊಸ ಕಡತದ ಪಟ್ಟಿ ತೆಗೆದು, ಅದರಲ್ಲಿ ಕ್ರಿಪ್ಟ್‌ಸೆಟಪ್ ಇದೆಯೇ, ‘ಕ್ರಿಪ್ಟ್‌ರೂಟ್’ ಫೋಲ್ಡರಿನಲ್ಲಿ ಕ್ರಿಪ್ಟ್‌ಟ್ಯಾಬ್ ಇದೆಯೇ ಎಂದು ಹುಡುಕಿ. ಎರಡೂ ಕಂಡರೆ ರೀಬೂಟ್ ಮಾಡಬಹುದು. ಟರ್ಮಿನಲ್ಲಿನ ಅಭ್ಯಾಸ ಇಲ್ಲದವರು ಇಷ್ಟು ದೂರ ಒಬ್ಬರೇ ಹೋಗುವುದಕ್ಕಿಂತ, ಲಿನಕ್ಸ್ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕ್ಷೇಮ. ಪಾಸ್‌ವರ್ಡನ್ನು ಮಾತ್ರ ನೀವೇ ಟೈಪ್ ಮಾಡಿ.

ಮುಂದೆ ಪಾಸ್‌ವರ್ಡಿನ ಪರದೆ ಬಂದೂ ಅದು ತಪ್ಪೆಂದು ಹೇಳಿದರೆ, ಮೊದಲು ಕೀಲಿಮಣೆಯನ್ನು ಶಂಕಿಸಿ. ಬಲಗಡೆಯ ಅಂಕಿಗಳ ಗುಂಪಿನಿಂದ ಸಂಖ್ಯೆ ಒತ್ತುವ ರೂಢಿಯಿದ್ದರೆ, ಬೂಟ್ ಸಮಯದಲ್ಲಿ ನಮ್‌ಲಾಕ್ ಆರಿರಬಹುದು. ಕನ್ನಡ ವಿನ್ಯಾಸ ಆನ್ ಇರುವಾಗ ಪಾಸ್‌ವರ್ಡ್ ಬದಲಿಸಿದ್ದರೆ ಬೂಟ್ ಪರದೆಯಲ್ಲಿ ಆ ಅಕ್ಷರಗಳು ಮೂಡುವುದೇ ಇಲ್ಲ. ಪಾಸ್‌ವರ್ಡ್ ಒಪ್ಪಿಕೊಂಡ ಮೇಲೂ ಗ್ರೂಪ್ ಸಿಗದಿದ್ದರೆ ಆಗ ಮಾತ್ರ ಎಲ್‌ವಿಎಂ ಕಡೆ ನೋಡಬೇಕು. ಗ್ರೂಪಿಗೆ ಸೇರಿದ ಇನ್ನೊಂದು ಡಿಸ್ಕ್ ಬಿಚ್ಚಿಟ್ಟಿರಬಹುದು, ಇಲ್ಲವೇ ಸೋಸುವ ನಿಯಮವೊಂದು ಡಿಸ್ಕನ್ನು ಮರೆಮಾಡಿರಬಹುದು. ‘ಬಿಎಲ್‌ಕೆಐಡಿ’ ಪಟ್ಟಿಯಲ್ಲಿ ಎಸ್‌ಎಸ್‌ಡಿಯೇ ಕಾಣದಿದ್ದರೆ ದೋಷ ಬಯೋಸ್‌ನಲ್ಲಿರುವ ಸಾಧ್ಯತೆ ಹೆಚ್ಚು. ಮದರ್‌ಬೋರ್ಡಿನ ಪುಟ್ಟ ಸೆಲ್ ಸತ್ತು, ಸಂಗ್ರಹದ ವಿಧಾನ ಎಎಚ್‌ಸಿಐನಿಂದ ರೇಡ್‌ಗೆ ತಾನಾಗಿಯೇ ಮರಳಿದ ಯಂತ್ರಗಳಲ್ಲಿ ಹೀಗಾಗುತ್ತದೆ. ಗಡಿಯಾರವೂ ಹಳೆಯ ವರ್ಷ ತೋರಿಸುತ್ತಿದ್ದರೆ ಅದೇ ಕಾರಣ.

ಎನ್‌ಕ್ರಿಪ್ಶನ್ ಕೈಬಿಡಬೇಕೆ ಎಂದು ಕೇಳಿದ್ದೀರಿ. ಪರೀಕ್ಷೆಗೆ ಮೊದಲು ಪ್ರಶ್ನೆಪತ್ರಿಕೆಗಳು ಇರುವ ಯಂತ್ರ ನಿಮ್ಮದು, ರಿಪೇರಿಗೆ ಕೊಟ್ಟಾಗ ಡಿಸ್ಕ್ ನಾಲ್ಕು ಜನರ ಕೈ ದಾಟುತ್ತದೆ. ನಾನಾಗಿದ್ದರೆ ಬಿಡುವುದಿಲ್ಲ. ಬದಲಾಗಿ ‘ಲಕ್ಸ್‌ಆಡ್‌ಕೀ’ಯಿಂದ ಎರಡನೆಯ ಪಾಸ್‌ವರ್ಡೊಂದನ್ನು ಸೇರಿಸಿ, ಬರೆದು, ಲಕೋಟೆಯಲ್ಲಿ ಮುಚ್ಚಿ ಮನೆಯಲ್ಲಿಡಿ. ಕರ್ನಲ್ ಅಪ್‌ಡೇಟ್ ನಡೆಯುವಾಗ ಯುಪಿಎಸ್ ಮೇಲಿರಲಿ, ಬೇಡದ ಕರ್ನಲ್‌ಗಳನ್ನು ‘ಆಟೋರಿಮೂವ್’ನಿಂದ ಆಗಾಗ ತೆಗೆಯುತ್ತಿರಿ. ಹೆಡರಿನ ಪ್ರತಿಯನ್ನು ಮುದ್ರಣಾಲಯದಲ್ಲಿ ಇಡಬೇಡಿ. ನೀವು ಮುಂದೆ ಪಾಸ್‌ವರ್ಡ್ ಬದಲಿಸಿದರೂ, ಆ ಹಳೆಯ ಹೆಡರ್ ಮತ್ತು ಹಳೆಯ ಪಾಸ್‌ವರ್ಡ್ ಎರಡೂ ಸಿಕ್ಕವರು ಡಿಸ್ಕನ್ನು ತೆರೆಯಬಲ್ಲರು. ಆದ್ದರಿಂದ ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಹೆಡರಿನ ಹೊಸ ಪ್ರತಿ ತೆಗೆದು, ಹಳೆಯದನ್ನು ನಾಶಮಾಡಿ. ಹಳೆಯ ಹಾರ್ಡ್‌ಡಿಸ್ಕನ್ನು ಗುಜರಿಗೆ ಕೊಡುವ ಕಾಲ ಬಂದಾಗಲೂ, ಹೊಸದರಲ್ಲಿ ಎಲ್ಲವೂ ತೆರೆಯುತ್ತಿದೆ ಮತ್ತು ಹೊರಗೊಂದು ಪ್ರತಿಯಿದೆ ಎಂದು ಖಚಿತಪಡಿಸಿಕೊಂಡ ಬಳಿಕ, ‘ಲಕ್ಸ್‌ಇರೇಸ್’ನಿಂದ ಅದರ ಕೀಲಿಗಳನ್ನು ಅಳಿಸಿಯೇ ಕೊಡಿ.